ಎರಡನೆಯ ಕುದಿ

ಬಟ್ಟೆ ಚಪ್ಪಲಿಯ ಮೂತಿಗೆ ಸೂತಕದ ಬಿಳಿ ಬಟ್ಟೆ ಹೊಲಿಯುತ್ತಿದ್ದ ಯೂಝೆನ್‌ಳ ಬೆರಳಿಗೆ ಸೂಜಿ ಚುಚ್ಚಿತು. ಅಡುಗೆಮನೆಯಲ್ಲಿ ತಮ್ಮನ ಹೆಂಡತಿ ಮಿಂಗ್‌ಚಿನ್ ಕಪಾಟಿನ ಬಾಗಿಲುಗಳನ್ನು ಒಂದೊಂದಾಗಿ ತೆಗೆದು ಬಡಿಯುತ್ತಿದ್ದಳು.

"ಅತ್ತಿಗೇ, ಅತ್ತೆ ಕಷಾಯ ಕಾಯಿಸ್ಕೊಳ್ತಿದ್ದ ಗಡಿಗೆ ಎಲ್ಲಿ? ಎಷ್ಟು ಹುಡುಕಿದ್ರೂ ಕಾಣ್ತಿಲ್ಲ."

ಯೂಝೆನ್ ಬೆರಳನ್ನು ಬಾಯಲ್ಲಿಟ್ಟುಕೊಂಡಳು. ಬಾಯಲ್ಲಿ ಬೆರಳಿದ್ದರೆ ಉತ್ತರ ಕೊಡಬೇಕಾಗಿಲ್ಲ.

ನಡುಮನೆಯಲ್ಲಿ ಅಮ್ಮ ಚ್ಯಾವ್‌ಯುನ್ ಶವಪೆಟ್ಟಿಗೆಯೊಳಗೆ ಮಲಗಿದ್ದಳು. ಮಧ್ಯಾಹ್ನದೊಳಗೆ ಎತ್ತಬೇಕು. ಎತ್ತುವ ಗಳಿಗೆಗೆ ಸರಿಯಾಗಿ, ಸತ್ತವರು ಕೊನೆಯದಾಗಿ ಔಷಧ ಕುಡಿದ ಗಡಿಗೆಯನ್ನು ಮಗನಾದವನು ಹೊಸಿಲಾಚೆ ಒಡೆಯಬೇಕು. ಒಡೆಯದೇ ಹೋದರೆ ಹೆಣ ಹೊರಗೆ ಹೋಗುತ್ತದೆ, ಕಾಯಿಲೆ ಮನೆಯಲ್ಲೇ ಉಳಿಯುತ್ತದೆ. ಮಿಂಗ್‌ಚಿನ್‌ಳ ನಾಲ್ಕು ವರ್ಷದ ಮಗಳು ನಿನ್ನೆಯಿಂದ ಕೆಮ್ಮುತ್ತಿದ್ದಳು.

"ಅಮ್ಮ ಎಲ್ಲಿ ಕಷಾಯ ಕುಡಿದ್ಳು?" ಪೆಟ್ಟಿಗೆಯ ಮುಂದೆ ಕೂತು ಸತ್ತವಳಿಗೆಂದು ಕಾಗದದ ಹಣ ಸುಡುತ್ತಿದ್ದ ತಮ್ಮ ದೆಬಾವ್ ತಲೆಯೆತ್ತದೆ ಹೇಳಿದ. "ಎಪ್ಪತ್ತೆರಡು ವರ್ಷ, ತನಗೆ ಅಂತ ಒಂದು ಪೊಟ್ಟಣ ಕಟ್ಟಿಸ್ಕೊಂಡೋಳಲ್ಲ. ಗಟ್ಟಿ ಜೀವ."

"ಗಟ್ಟಿ ಜೀವ ಪೆಟ್ಟಿಗೇಲಿ ಮಲಗಿದೆ ನೋಡಪ್ಪ," ಅಂದಳು ಝೋವ್ ಅಜ್ಜಿ. ಓಣಿಯಲ್ಲಿ ಯಾರು ಸತ್ತರೂ ಕಾರ್ಯದ ಉಸ್ತುವಾರಿ ಅವಳದೇ. "ಇಷ್ಟು ಕೆಮ್ಮಿದ ಹೆಂಗಸು ಏನೂ ಕುಡೀದೆ ಇರ್ತಾಳಾ? ಸರಿಯಾಗಿ ಹುಡುಕಿ."

"ನಮ್ಮನೇದೇ ಒಂದು ಹೊಸ ಗಡಿಗೆ ಇದೆ ಅಜ್ಜಿ," ಅಂದಳು ಮಿಂಗ್‌ಚಿನ್. " ಅದನ್ನೇ ಒಡೆದ್ರೆ ಆಗಲ್ವಾ?"

"ಆಗುತ್ತೆ. ಕುಂಬಾರನಿಗೆ ಒಳ್ಳೇದಾಗುತ್ತೆ. ನಿನ್ನ ಮಗಳಿಗಲ್ಲ."

ಯೂಝೆನ್ ದಾರವನ್ನು ಹಲ್ಲಿನಿಂದ ಕಡಿದಳು. ಅಮ್ಮ ಕುಡಿದ ಗಡಿಗೆ ಎರಡು ಓಣಿ ಆಚೆ, ಅವಳದೇ ಮನೆಯ ಒಲೆಯ ಮೇಲಿತ್ತು. ಒಳಗೆ ಕಷಾಯ ಸೋಸಿ ಉಳಿದ ಚರಟ ಹಾಗೇ ಒಣಗಿತ್ತು. ಐದು ದಿನದಿಂದ ಅದರ ಮುಚ್ಚಳ ತೆಗೆಯಲು ಅವಳಿಗೆ ಕೈ ಬಂದಿರಲಿಲ್ಲ.

*

ಅಪ್ಪನ ಉಬ್ಬಸದ ವರ್ಷಗಳಲ್ಲಿ ಮನೆಯಲ್ಲಿ ದಿನವೂ ಕಷಾಯ ಕುದಿಯುತ್ತಿತ್ತು. ಮೊದಲ ಕುದಿ ಬೆಳಿಗ್ಗೆ, ಅದೇ ಬೇರುಗಳಿಗೆ ಮತ್ತೆ ನೀರು ಹಾಕಿದ ಎರಡನೆಯದು ಸಂಜೆ. ಅವೆರಡೂ ಅಪ್ಪನಿಗೆಂದೇ ಬರೆದದ್ದು. ಆದರೆ ಮೊದಲನೆಯದರ ಕಹಿಗೇ ಅಪ್ಪನ ಮುಖ ಕಿವುಚಿಕೊಳ್ಳುತ್ತಿತ್ತು, ಸಂಜೆಯದನ್ನು ಮುಟ್ಟುತ್ತಿರಲಿಲ್ಲ. ಅಕ್ಕಿ ಶಾವಿಗೆ ಮಾಡುವ ಕಾರ್ಖಾನೆಯಲ್ಲಿ ದಿನವಿಡೀ ಹಂಡೆಯ ಹಬೆಯೆದುರು ನಿಂತು ಬಂದ ಅಮ್ಮ, ಹೊಸಿಲ ಮೇಲೆ ಕುಕ್ಕರುಗಾಲಲ್ಲಿ ಕೂತು ಆ ಬಟ್ಟಲನ್ನು ಖಾಲಿ ಮಾಡುತ್ತಿದ್ದಳು.

"ನಿನಗ್ಯಾಕಮ್ಮಾ ಅದು?" ಯೂಝೆನ್ ಕೇಳುತ್ತಿದ್ದಳು.

"ಚೆಲ್ಲೋಕಾಗುತ್ತಾ? ನನಗೂ ಒಂದಿಷ್ಟು ಉಸಿರು ಕಟ್ಟುತ್ತೆ."

ಯೂಝೆನ್‌ಳ ಬಾಣಂತನದ ಕಷಾಯ ಉಳಿದಾಗ ಅಮ್ಮನಿಗೂ ಸೊಂಟ ನೋಯುತ್ತಿತ್ತು. ದೆಬಾವ್‌ಗೆ ಅಜೀರ್ಣವಾದಾಗ ಅವಳಿಗೂ ಹೊಟ್ಟೆ ಉಬ್ಬರಿಸುತ್ತಿತ್ತು. ಮನೆಯವರ ಕಾಯಿಲೆಗಳಲ್ಲಿ ಉಳಿದದ್ದನ್ನು ಕುಡಿದುಕೊಂಡೇ ಅವಳು ಮೂವತ್ತು ವರ್ಷ ಕಳೆದಳು. ಆಮೇಲೆ ಚರಟವನ್ನು ಓಣಿಯ ನಡುವೆ ಸುರಿದು ಬರುತ್ತಿದ್ದಳು, ಹೋಗಿಬರುವವರ ಕಾಲಿಗೆ ಸಿಕ್ಕಿ ಕಾಯಿಲೆ ತುಳಿದುಹೋಗಲಿ ಎಂದು.

*

ಬಾಗಿಲಲ್ಲಿ ಜನ ಸರಿದು ದಾರಿಬಿಟ್ಟರು. ಪಾಂಗ್ ಪಂಡಿತರು ಊರುಗೋಲು ಮೂಲೆಗೊರಗಿಸಿ, ಮೂರು ಊದುಕಡ್ಡಿ ಹಚ್ಚಿ, ಪೆಟ್ಟಿಗೆಗೆ ಮೂರು ಸಲ ಬಾಗಿದರು. ಆಮೇಲೆ ದೆಬಾವ್‌ನ ಪಕ್ಕದ ಬೆಂಚಿನ ಮೇಲೆ ಕೂತರು.

"ಈ ಮನೇಲಿ ನಿಮ್ಮೆಲ್ಲರ ನಾಡಿ ಹಿಡಿದಿದೀನಿ," ಎಂದರು. "ಇವಳದೊಂದು ಬಿಟ್ಟು. ನಿಮ್ಮಪ್ಪನ್ನ ಕರ್ಕೊಂಡು ಬಂದಾಗ ಒಂದ್ಸಲ, ನೀನೂ ಕೈ ಚಾಚಮ್ಮ ಅಂದೆ. ನಕ್ಕುಬಿಟ್ಳು. ಕೈನ ಮಡಚಿ ಅಂಗಿ ತೋಳೊಳಗೆ ಎಳ್ಕೊಂಡು, ಇದು ಬರೀ ಹಿಟ್ಟು ಮೆತ್ತಿದ ಕೈ ಪಂಡಿತರೇ, ಇದರಲ್ಲಿ ನಾಡಿ ಎಲ್ಲಿ ಸಿಗುತ್ತೆ ಅಂದ್ಳು."

ಝೋವ್ ಅಜ್ಜಿ ಸೊರ್ರೆಂದು ಮೂಗೆಳೆದಳು.

"ಕೊನೆಗೆ ಏನಾಗಿತ್ತು?" ಪಂಡಿತರು ಕೇಳಿದರು.

"ಕೆಮ್ಮು," ಅಂದ ದೆಬಾವ್.

"ಎಂಥ ಕೆಮ್ಮು?"

"ಕೆಮ್ಮು ಅಂದ್ರೆ ಕೆಮ್ಮು ಪಂಡಿತರೇ. ಅದರಲ್ಲೇನು ಎಂಥದು?"

"ಕೆಮ್ಮು ಅಂದ್ರೆ ಯಾರೋ ಬಾಗಿಲು ತಟ್ಟೋ ಸದ್ದು ಕಣಪ್ಪ. ತಟ್ಟಿದ್ದು ಕಳ್ಳನೋ ನೆಂಟನೋ ಅಂತ ಸದ್ದು ಹೇಳುತ್ತಾ? ಮೈಯೊಳಗೆ ಚಳಿ ಹೊಕ್ಕು ಕೆಮ್ಮೋರಿದಾರೆ, ರಸವೆಲ್ಲ ಬತ್ತಿ ಒಳಗೇ ಉರಿದು ಕೆಮ್ಮೋರಿದಾರೆ. ಒಬ್ಬರಿಗೆ ಬೆಂಕಿ ಹಾಕ್ಬೇಕು, ಇನ್ನೊಬ್ಬರಿಗೆ ನೀರು. ಕಫ ಬರ್ತಿತ್ತಾ?"

ದೆಬಾವ್ ಹೆಂಡತಿಯ ಮುಖ ನೋಡಿದ.

"ಇಲ್ಲ, ಒಣಕೆಮ್ಮು," ಅಂದಳು ಮಿಂಗ್‌ಚಿನ್. "ರಾತ್ರಿ ಬೆವರಿ ರಜಾಯಿ ಕಿತ್ತೊಗೀತಿದ್ರು, ಈ ಚಳಿಗಾಲದಲ್ಲೂ. ಆದ್ರೆ ಸಂಜೆ ಹೊತ್ತು ಕೆನ್ನೆಗೆ ಎಂಥ ಬಣ್ಣ ಬರ್ತಿತ್ತು ಗೊತ್ತಾ? ಮದುವೆ ಹೆಣ್ಣಿನ ಹಾಗೆ. ಸುಧಾರಿಸ್ಕೊಂಡ್ರು ಅಂದ್ಕೊಂಡ್ವಿ."

ಮಂಡಿಯ ಮೇಲಿದ್ದ ಪಂಡಿತರ ಮೂರು ಬೆರಳುಗಳು ಯಾರದೋ ಮಣಿಕಟ್ಟು ಹುಡುಕುವಂತೆ ಒಮ್ಮೆ ಅಲುಗಿ ಸುಮ್ಮನಾದವು.

ಯೂಝೆನ್ ಎರಡನೆಯ ಚಪ್ಪಲಿ ಕೈಗೆತ್ತಿಕೊಂಡವಳು ಅದನ್ನು ಹಾಗೇ ಹಿಡಿದು ಕೂತಿದ್ದಳು.

*

ತಿಂಗಳ ಹಿಂದೆ ಕೆಮ್ಮು ಹಿಡಿದಿದ್ದು ಅವಳಿಗೆ. ಬೆನ್ನ ಮೇಲೆ ತಣ್ಣೀರು ಸುರಿದಂಥ ಚಳಿ, ನೀರಿನಂಥ ಬಿಳಿ ಕಫ. ಪಾಂಗ್ ಪಂಡಿತರು ನಾಲಿಗೆ ನೋಡಿ, ಎರಡೂ ಕೈಗಳ ನಾಡಿ ಹಿಡಿದು, ಒಣಶುಂಠಿ, ದಾಲ್ಚಿನ್ನಿ ಕಡ್ಡಿ, ಇನ್ನೇನೇನೋ ಸೇರಿಸಿ ಏಳು ಪೊಟ್ಟಣ ಬರೆದರು. ಮೂರಕ್ಕೇ ಚಳಿ ಬಿಟ್ಟಿತು, ಕೆಮ್ಮು ನಿಂತಿತು. ನಾಲ್ಕು ಉಳಿದವು.

ಮಧ್ಯಾಹ್ನ ಹರಟೆಗೆ ಬರುತ್ತಿದ್ದ ಅಮ್ಮ ಆ ಹೊತ್ತಿಗೆ ಕೆಮ್ಮಲು ತೊಡಗಿದ್ದಳು.

"ಗುರುವಾರ ಪಂಡಿತರ ಹತ್ರ ಕರ್ಕೊಂಡು ಹೋಗ್ತೀನಮ್ಮ."

"ಹೊಸ ವರ್ಷದ ಹೊಲಿಗೆ ಇಷ್ಟೆತ್ತರ ಬಿದ್ದಿದೆ, ನನ್ನ ಕರ್ಕೊಂಡು ಎಲ್ಲಿ ಅಲೀತೀಯ? ಅಲ್ಲಿ ನಾಲ್ಕು ಪೊಟ್ಟಣ ಇದೆಯಲ್ಲ. ನಿನಗೂ ಕೆಮ್ಮು, ನನಗೂ ಕೆಮ್ಮು."

ಯೂಝೆನ್‌ಗೆ ಒಳಗೊಳಗೇ ಹಗುರವಾಗಿತ್ತು. ಒಂದು ದಿನ ಉಳಿಯಿತಲ್ಲ ಎಂದುಕೊಂಡಿದ್ದಳು. ಜೊತೆಗೆ ಒಂದು ಥರದ ಹೆಮ್ಮೆಯೂ ಆಗಿತ್ತು: ಜೀವಮಾನದಲ್ಲಿ ಮೊದಲ ಸಲ ಅಮ್ಮನಿಗೆ ಮೊದಲ ಕುದಿ ಕೊಡುತ್ತಿದ್ದೇನೆ ಎಂದು. ಒಂದು ಪೊಟ್ಟಣ ಎರಡು ದಿನಕ್ಕೆ. ಎಂಟು ದಿನ, ತನ್ನ ಕೈಯಾರೆ ಕಾಯಿಸಿ, ಸೋಸಿ, ಊದಿ ಕೊಟ್ಟಳು.

ಆರನೆಯ ದಿನ ಅಮ್ಮ ಖಾಲಿ ಬಟ್ಟಲನ್ನು ತಣ್ಣೀರಲ್ಲಿ ಅದ್ದಿ ಎರಡೂ ಅಂಗೈಗಳ ನಡುವೆ ಹಿಡಿದು ಕೂತಿದ್ದಳು.

"ಏನಮ್ಮಾ ಅದು, ಮಕ್ಕಳಾಟ?"

"ಕೈ ಉರಿಯುತ್ತೆ ಕಣೆ. ಹಂಡೆ ಮುಂದೆ ನಿಂತ ಹಾಗೆ."

"ಔಷಧ ಹತ್ತಿದೆ ಅಂತ ಅರ್ಥ. ನೋಡು, ಕೆನ್ನೆಗೆ ಬಣ್ಣ ಬಂದಿದೆ."

ಅಮ್ಮ ನಾಚಿಕೊಂಡವಳಂತೆ ಕೆನ್ನೆ ಮುಟ್ಟಿಕೊಂಡಳು. ಎಂಟನೆಯ ದಿನ ಕರವಸ್ತ್ರದಲ್ಲಿ ಕಂಡ ರಕ್ತವನ್ನು ಮಗಳಿಗೆ ಕಾಣದಂತೆ ಮಡಚಿದಳು. ಯೂಝೆನ್‌ಗೆ ಅದು ಕಂಡಿತ್ತು. ನಾಳೆ ಖಂಡಿತ ಪಂಡಿತರ ಹತ್ತಿರ ಹೋಗುವುದೆಂದು ಅವಳು ನಿರ್ಧರಿಸಿದ ರಾತ್ರಿಯೇ ಅಮ್ಮ ಹೋದಳು.

*

"ಸರಿ, ಹೊತ್ತಾಯ್ತು. ಆ ಹೊಸ ಗಡಿಗೆನೇ ತಗೊಂಡು ಬಾ ಹೋಗು," ಝೋವ್ ಅಜ್ಜಿ ಮಿಂಗ್‌ಚಿನ್‌ಗೆ ಸೋತ ದನಿಯಲ್ಲಿ ಹೇಳಿದಳು. ಒಳಗೆ ಮಗು ಕೆಮ್ಮಿತು.

ಯೂಝೆನ್ ಎದ್ದಳು. ಒಂದು ಕಾಲಿಗೆ ಬಿಳಿ ಚಪ್ಪಲಿ, ಇನ್ನೊಂದಕ್ಕೆ ಕರಿಯದು. ಯಾರೋ ಕರೆದರೂ ನಿಲ್ಲದೆ ಓಣಿ ಇಳಿದಳು. ತಿರುಗಿ ಬರುವಾಗ ಓಲಗದವರು ಊದಲು ಶುರುಮಾಡಿದ್ದರು, ಹೊರುವವರು ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು. ಮಿಂಗ್‌ಚಿನ್ ತಂದಿಟ್ಟ ಹೊಸ ಗಡಿಗೆಯ ಪಕ್ಕದಲ್ಲಿ ಅವಳು ತನ್ನದನ್ನು ಇಟ್ಟಳು.

"ಇದು ನಿಮ್ಮನೇದಲ್ವಾ ಅತ್ತಿಗೆ?"

"ಅಮ್ಮ ಕುಡಿದಿದ್ದು ಇದರಲ್ಲಿ."

ಪಾಂಗ್ ಪಂಡಿತರು ಬಾಗಿ ಮುಚ್ಚಳ ತೆಗೆದರು. ಒಣಗಿದ ಚರಟದಿಂದ ಒಂದು ಚೂರು ಎತ್ತಿ ಮೂಗಿನ ಹತ್ತಿರ ಹಿಡಿದರು. ತಮ್ಮ ಕೈಯಾರೆ ಬರೆದದ್ದನ್ನು ಅವರು ಗುರುತಿಸಿದ್ದು ಯೂಝೆನ್‌ಗೆ ಕಂಡಿತು.

"ಎಷ್ಟು ದಿನ?" ಎಂದರು, ಅವಳಿಗಷ್ಟೇ ಕೇಳುವಂತೆ.

"ಎಂಟು."

"ನಾಲಿಗೆ ನೋಡಿದ್ಯಾ?"

"ಇಲ್ಲ."

"ಕೆಂಪಾಗಿ, ಸುಲಿದ ಹಾಗೆ ಇರ್ತಿತ್ತು," ಎಂದರು ಅವರು. ಆಮೇಲೆ, "ನಾನು ನೋಡಿದ್ದಿದ್ರೂ..." ಎಂದು ಶುರುಮಾಡಿ, ಅವಳ ಮುಖ ನೋಡಿ, ಆ ಮಾತನ್ನು ಪೂರ್ತಿಮಾಡಲಿಲ್ಲ. ಚೂರನ್ನು ಗಡಿಗೆಯೊಳಗೇ ಹಾಕಿ ಮುಚ್ಚಳ ಮುಚ್ಚಿದರು.

ದೆಬಾವ್ ಎದುರಿಗೆ ಬಂದು ನಿಂತಿದ್ದ.

"ಏನಕ್ಕಾ ಇದು? ಯಾರ ಔಷಧ?"

ಓಲಗ ನಿಂತಿತ್ತು. ಹೊರುವವರು ಕಾಯುತ್ತಿದ್ದರು. ಅವಳು ಬೇಕಿದ್ದರೆ, ಅಮ್ಮನದು ಎನ್ನಬಹುದಿತ್ತು. ಪಂಡಿತರು ಬಾಯಿ ಬಿಡುತ್ತಿರಲಿಲ್ಲ.

"ನನ್ನದು," ಅಂದಳು. "ನನಗೆ ಬರೆದಿದ್ದು. ಅವಳಿಗೆ ಕುಡಿಸಿದೆ. ಅವಳಿಗೆ ಆಗದ ಔಷಧ."

ದೆಬಾವ್ ಅವಳನ್ನೇ ನೋಡಿದ. ಮಿಂಗ್‌ಚಿನ್ ಒಳಗೆ ಓಡಿ ಮಗಳನ್ನು ಎತ್ತಿಕೊಂಡಳು.

"ಎತ್ತಿ," ಅಂದಳು ಝೋವ್ ಅಜ್ಜಿ.

ಪೆಟ್ಟಿಗೆ ನೆಲ ಬಿಟ್ಟಿತು. ದೆಬಾವ್ ಬಗ್ಗಿ ಎರಡು ಗಡಿಗೆಗಳಲ್ಲಿ ಹಳೆಯದನ್ನು ಎತ್ತಿಕೊಂಡ. ತಲೆಯ ಮೇಲಕ್ಕೆತ್ತಿ, ಹೊಸಿಲಾಚೆಯ ಕಲ್ಲಿಗೆ ಬೇಕಾದ್ದಕ್ಕಿಂತ ಹೆಚ್ಚು ಬಲವಾಗಿ ಅಪ್ಪಳಿಸಿದ. ಪಟಾಕಿಗಳು ಹೊತ್ತಿಕೊಂಡವು. ಅಕ್ಕನ ಕಡೆ ತಿರುಗದೆ ಅವನು ಪೆಟ್ಟಿಗೆಯ ಮುಂದೆ ಹೋದ.

ಚರಟ ಹೊಸಿಲಿನುದ್ದಕ್ಕೂ ಚೆದುರಿತ್ತು. ಹೊರುವವರು ಅದನ್ನು ತುಳಿದು ಹೋದರು, ಹಿಂದಿನಿಂದ ನೆಂಟರು, ಓಣಿಯವರು. ತುಳಿದರೆ ಕಾಯಿಲೆ ಹೋಗುತ್ತದೆ. ಯೂಝೆನ್ ಹೊಸಿಲ ಮೇಲೆ ನಿಂತೇ ಇದ್ದಳು. ಪಾಂಗ್ ಪಂಡಿತರು ಊರುಗೋಲಿನಿಂದ ಅವಳ ಹಿಮ್ಮಡಿಯನ್ನು ಮೆಲ್ಲಗೆ ಮುಟ್ಟಿದರು.

"ನಡಿಯಮ್ಮ."

ಅವಳು ಕಾಲಿಟ್ಟಳು. ಅಡಿಯಲ್ಲಿ ಏನೋ ಪುಡಿಯಾಯಿತು. ಗುಡ್ಡದ ಮೇಲಿನ ಸಮಾಧಿಯ ಗುಂಡಿಯವರೆಗೆ ಅವಳು ಜನರ ಹಿಂದೆಯೇ ನಡೆದಳು. ದಾರಿಯುದ್ದಕ್ಕೂ ಬಿಳಿ ಚಪ್ಪಲಿಯ ಅಡಿಗೆ ಒಣಶುಂಠಿಯ ಒಂದು ಬಿಲ್ಲೆ ಕಚ್ಚಿಕೊಂಡು ಹೆಜ್ಜೆ ಹೆಜ್ಜೆಗೂ ಒತ್ತುತ್ತಿತ್ತು. ಅವಳು ಅದನ್ನು ಬಗ್ಗಿ ತೆಗೆಯಲಿಲ್ಲ.