ಟೀಚರ್ ಹಾಕಿದ ಹಾಜರಿ

ಗಣಿತದ ಟೀಚರ್‌ಗೆ ಆ ದಿನ ಬೆಳಿಗ್ಗೆಯೇ ಸಾಕುಸಾಕಾಗಿತ್ತು. ಇಪ್ಪತ್ತೆಂಟು ವರ್ಷ ಹಾಜರಿ ಪುಸ್ತಕದಲ್ಲಿ ಬಂದವರ ಹೆಸರಿನ ಮುಂದೆ ಗೆರೆ ಎಳೆದು ರೂಢಿಯಾದ ಕೈಗೆ ಹೋದ ವಾರ ಒಂದು ಟ್ಯಾಬ್ ಕೊಟ್ಟು, ಇನ್ನು ಮೇಲೆ ಹಾಜರಿ ಇದರಲ್ಲೇ ಅಂದಿದ್ದರು. ತರಬೇತಿ ಅಂತ ನಡೆದದ್ದು ಅರ್ಧ ಗಂಟೆ. ಹೇಳಿಕೊಡಲು ಬಂದವರು ಪಟಪಟನೆ ಮಾತಾಡಿ, ಗೊತ್ತಾಯಿತಾ ಅಂದಾಗ ಎಲ್ಲರ ಜೊತೆ ಈಕೆಯೂ ತಲೆಯಾಡಿಸಿದ್ದರು.

ಕನ್ನಡಕ ಏರಿಸಿಕೊಂಡು ಒಂದೊಂದೇ ಹೆಸರು ಕೂಗಿದರು. ಓಗೊಟ್ಟವರ ಹೆಸರನ್ನೆಲ್ಲ ಬೆರಳಿನಿಂದ ಒತ್ತಿದರು. ಒತ್ತಿದ್ದೆಲ್ಲ ಕೆಂಪಾಯಿತು. ಮುಂದಿನ ಬೆಂಚಿನಿಂದ ಚೂಟಿ, ಎಲ್ಲದಕ್ಕೂ ಮೂಗು ತೂರಿಸುವ ಹುಡುಗಿಗೆ ತರಗತಿಯೇ ಇಟ್ಟ ಹೆಸರು ಅದು, ಕತ್ತು ಉದ್ದ ಮಾಡಿ ಇಣುಕಿದಳು.

"ಟೀಚರ್, ಅದು ಹಾಗಲ್ಲ..."

"ಕೂತ್ಕೊಳೇ. ನಿನ್ನ ಹತ್ರ ಪಾಠ ಹೇಳಿಸ್ಕೊಳ್ಳೋ ಕಾಲ ಇನ್ನೂ ಬಂದಿಲ್ಲ ನಂಗೆ."

ತರಗತಿ ಕಿಸಕ್ಕೆಂದಿತು. ಟೀಚರ್ ಕಳುಹಿಸುವ ಗುಂಡಿ ಒತ್ತಿ ಭಿನ್ನರಾಶಿ ಶುರುಮಾಡಿದರು.

ಆ ಯಂತ್ರದ ಲೆಕ್ಕವೇ ಬೇರೆ. ಅದು ಎಲ್ಲರೂ ಬಂದಿದ್ದಾರೆಂದೇ ತಿಳಿದಿರುತ್ತದೆ, ಬಾರದವರನ್ನಷ್ಟೇ ಒತ್ತಬೇಕು. ಹೀಗಾಗಿ ಎದುರಿಗೆ ಕೂತಿದ್ದ ಮೂವತ್ತೊಂಬತ್ತು ಮಕ್ಕಳ ಮನೆಗೂ ಒಂದೇ ಸಲಕ್ಕೆ ಸಂದೇಶ ಹೋಯಿತು: ನಿಮ್ಮ ಮಗು ಇಂದು ಶಾಲೆಗೆ ಬಂದಿಲ್ಲ.

ಮೊದಲು ಓಡಿಬಂದವಳು ಚೂಟಿಯ ಅಮ್ಮ. ಬಟ್ಟೆ ಹೊಲಿಯುವ ಕಾರ್ಖಾನೆಯಿಂದ ಹಾಗೇ ಎದ್ದು ಬಂದಿದ್ದಳು. ಮೈಮೇಲೆಲ್ಲ ದಾರದ ಚೂರು. ದಾರಿಯ ಒಂದೊಂದು ತಿರುವಿನಲ್ಲೂ ಮಗಳನ್ನು ಹುಡುಕುತ್ತ ಬಂದವಳು, ಹೆಡ್‌ಮಾಸ್ತರು ತಮ್ಮ ಕೋಣೆಗೆ ಕರೆಸಿದ ಮಗಳನ್ನು ಕಂಡೊಡನೆ ಬಾಚಿ ತಬ್ಬಿಕೊಂಡಳು.

ಇದು ಹೇಗಾಯಿತೆಂದು ಹೆಡ್‌ಮಾಸ್ತರು ಟೀಚರನ್ನೂ ಕರೆಸಿ ಕೇಳಿದರು. ಟೀಚರ್ ಬಾಯಿಂದ ಮಾತು ಜಾರಿಬಿಟ್ಟಿತು.

"ಇವಳೇ ಮುಟ್ಟಿರ್ಬೇಕು ಸಾರ್. ಬೆಳಿಗ್ಗೆಯಿಂದ ಅದರ ಮೇಲೇ ಕಣ್ಣು ಇವಳಿಗೆ."

ನಿವೃತ್ತಿಗೆ ಇನ್ನೆರಡು ವರ್ಷ. ಈಗ ಹೋಗಿ ದಡ್ಡಿ ಅನ್ನಿಸಿಕೊಳ್ಳುವುದು ಬೇಡವಾಗಿತ್ತು, ಅಷ್ಟೇ.

ಹಾಗಾದರೆ ಒಂದು ವಾರ ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಹೆಡ್‌ಮಾಸ್ತರು ಅಮ್ಮನಿಗೆ ಹೇಳಿದರು. ಚೂಟಿ ಟೀಚರ್ ಮುಖ ನೋಡಿದಳು, ಅಷ್ಟೇ. ಒಂದು ಸಲ ಬಾಯಿಬಿಟ್ಟು ಬೈಸಿಕೊಂಡದ್ದು ಸಾಕಾಗಿತ್ತೋ ಏನೋ. ಅಮ್ಮ ಮಾತ್ರ ಸಿಟ್ಟಿಲ್ಲದೆ, ಸೋತ ದನಿಯಲ್ಲಿ ಕೇಳಿದಳು.

"ನೀವು ಕಣ್ಣಾರೆ ನೋಡಿದ್ರಾ ಮೇಡಂ? ಹೂಂ ಅನ್ನಿ, ಇಲ್ಲೇ ನಾಲ್ಕು ಬಿಟ್ಟು ಕರ್ಕೊಂಡು ಹೋಗ್ತೀನಿ. ನೀವು ಹೇಳಿದ್ಮೇಲೆ ಮುಗೀತು."

ಟೀಚರ್ ಕುರ್ಚಿಯ ಬೆನ್ನು ಹಿಡಿದುಕೊಂಡರು.

"ಇಲ್ಲಮ್ಮ. ಅವಳು ಮುಟ್ಟಿಲ್ಲ, ಒತ್ತಿದ್ದು ನಾನೇ. ನಂಗೆ ಅದು ಬರಲ್ಲ ಸಾರ್. ಬರಲ್ಲ ಅನ್ನೋಕೆ ನಾಚಿಕೆಯಾಯ್ತು."

ಹೆಡ್‌ಮಾಸ್ತರು ಮನೆಗೆ ಕಳಿಸುವ ಮಾತನ್ನು ಅಲ್ಲಿಗೇ ಬಿಟ್ಟರು. ತಮಗೂ ಅರ್ಧಕ್ಕರ್ಧ ಬರುವುದಿಲ್ಲವೆಂದು ಗೊಣಗಿ, ಉಳಿದ ಮನೆಗಳಿಗೆ ಬೇಗ ತಿಳಿಸಿ ಅಂದರು. ಅಮ್ಮ ಮಗಳ ತಲೆ ಸವರಿ, ಅರ್ಧ ದಿನದ ಕೆಲಸವಾದರೂ ಉಳಿಯಲೆಂದು ಹೊರಟಳು.

ಟೀಚರ್ ಟ್ಯಾಬನ್ನು ಹುಡುಗಿಯ ಮುಂದೆ ಇಟ್ಟರು. ಎಲ್ಲರಿಗೂ ಒಟ್ಟಿಗೆ ಹೇಳುವುದು ಹೇಗೆಂದು ಕೇಳಿದರು. ಚೂಟಿ ಕೈ ಹಿಂದೆ ಕಟ್ಟಿಕೊಂಡೇ, ಇಲ್ಲಿ, ಆಮೇಲೆ ಇಲ್ಲಿ ಎಂದು ಗದ್ದದಿಂದ ತೋರಿಸಿದಳು. ಟೀಚರ್ ಒತ್ತಿದರು. ಎರಡು ಸಲ ತಪ್ಪಿ ಮೂರನೆಯದಕ್ಕೆ ಸಂದೇಶ ಹೋಯಿತು: ಮಕ್ಕಳೆಲ್ಲ ಶಾಲೆಯಲ್ಲೇ ಇದ್ದಾರೆ. ಆಮೇಲೆ ಅವರು ಮೇಜಿನ ಮೇಲಿದ್ದ ಫೋನನ್ನು ಹತ್ತಿರ ಎಳೆದುಕೊಂಡರು.

"ಕಳ್ಸಾಯ್ತಲ್ಲ ಟೀಚರ್, ಮತ್ತೆ ಫೋನ್ ಯಾಕೆ?"

"ತಪ್ಪು ನಂದು ಅನ್ನೋದನ್ನ ಬಾಯಲ್ಲೇ ಹೇಳ್ಬೇಕಲ್ಲ ಪುಟ್ಟಿ. ನಿನ್ನಿಂದಲೇ ಶುರು ಮಾಡ್ಬೇಕಿತ್ತು."

ಚೂಟಿ ಹಿಂದೆ ಕಟ್ಟಿದ್ದ ಕೈ ಬಿಟ್ಟಳು. ಆಮೇಲೆ ಕುರ್ಚಿ ಎಳೆದು ಪಕ್ಕದಲ್ಲಿ ಕೂತು, ಟ್ಯಾಬಿನಲ್ಲಿದ್ದ ಮೊದಲನೆಯ ಮನೆಯ ನಂಬರನ್ನು ನಿಧಾನವಾಗಿ ಓದತೊಡಗಿದಳು.