ನಾಲ್ಕು ಗ್ಲಾಸು ನೀರು

ಗಂಗೆಯ ಗಿಂಡಿಯ ಬೆಸುಗೆ ಬಿಡುತ್ತಿಲ್ಲ, ಕರಕರ, ಕರಕರ, ಅಪ್ಪ ದುಡಿದ ಹೋಟೆಲಿನ ಪುಂಡರೀಕಾಕ್ಷ ರಾಯರು ಸ್ಕೂಟರಿನ ಕೀಲಿಯನ್ನೇ ಮುಚ್ಚಳದ ಸಂದಿಗೆ ತುರುಕಿ ಮೀಟುತ್ತಿದ್ದಾರೆ, ಬೆಸುಗೆಯ ಪುಡಿ ಅಪ್ಪನ ಹೊದಿಕೆಯ ಮೇಲೆ ಉದುರುತ್ತಿದೆ, ಹಲ್ಲಿನ ಬುಡಕ್ಕೆ ತಾಗುವ ಸದ್ದು — ರಮಿತಾಳಿಗೆ ಆ ಕೀಲಿಯನ್ನು ಕಿತ್ತುಕೊಂಡು ಕಿಟಕಿಯಿಂದಾಚೆ ಎಸೆಯಬೇಕೆನಿಸಿತು, ಕೆಳಗೆ ಠಾಣೆ ಶಹರದ ವರ್ತಕ ನಗರದ ಭಾನುವಾರ, ಕೋಳಿ ಅಂಗಡಿಯ ಮುಂದೆ ಸಾಲು, ಯಾರದೋ ಮದುವೆಯ ಬ್ಯಾಂಡಿನವರು ಡೋಲು ಬಿಗಿ ಮಾಡುತ್ತಿದ್ದಾರೆ, ಢಂ ಎಂದು ಒಂದು ಏಟು, ಮತ್ತೆ ಬಿಗಿ, ಮತ್ತೆ ಒಂದು ಏಟು, ಲೋಕಕ್ಕೆ ಎಷ್ಟೊಂದು ಆರೋಗ್ಯ, ಮತ್ತು ಇಲ್ಲಿ ಈ ಮಂಚದ ಸುತ್ತ ಇವರು, ಮುಖ ಸಣ್ಣ ಮಾಡಿಕೊಂಡು ಬಂದವರು, ಅಪ್ಪನ ಬಾಯಿಗೆ ನೀರು ಬಿಡಲು ಬಂದವರು. ಚಂಪಾ ಮಾಮಿ, ಅಪ್ಪನ ಒಬ್ಬಳೇ ತಂಗಿ, ಶಹಾಡಿನಿಂದ ಬೆಳಗ್ಗಿನ ಲೋಕಲ್ ಹಿಡಿದು ಬಂದವಳು, ಬಂದ ಕೂಡಲೇ ಶುರು, ಜೀವ ಹೋಗ್ಲಿಕ್ಕೆ ದಾರಿ ಸಿಗುದಿಲ್ಲ ಮಗಾ, ಯಾರದ್ದೋ ಕೈಯ ನೀರು ಬಾಕಿ ಉಂಟು, ಅದಕ್ಕೇ ಹೀಗೆ ಒದ್ದಾಡುದು ಅಣ್ಣ. ಬಾಕಿ ಇರುವುದು ಸೂರಜನ ಕೈಯ ನೀರಂತೆ, ತಮ್ಮ ಸೂರಜ್, ಖಾರ್ಘರ್‌ನಲ್ಲಿ ಫ್ಲ್ಯಾಟು, ಹಬ್ಬಕ್ಕೊಮ್ಮೆ ಮುಖ ತೋರಿಸುವವನು, ಈಗ ಬಾಗಿಲ ಹತ್ತಿರ ಬೂಟು ಬಿಚ್ಚದೆ ನಿಂತು ಮೊಬೈಲು ಉಜ್ಜುತ್ತಿದ್ದಾನೆ, ಅಪ್ಪನಾದರೋ ಒದ್ದಾಡುತ್ತಿಲ್ಲ, ಒದ್ದಾಡಲು ಕೈಕಾಲು ಬೇಡವೇ, ಅಪ್ಪ ನೋಡುತ್ತಿದ್ದಾನೆ, ಅಷ್ಟೇ, ಮೂಗಿನಲ್ಲಿ ನಳಿಕೆ, ಕೆನ್ನೆಯ ಮೇಲೆ ಅದನ್ನು ಹಿಡಿದಿಟ್ಟ ಬಿಳಿ ಪಟ್ಟಿ, ಮತ್ತು ಎಲ್ಲವನ್ನೂ ತಿಳಿಯುವ ಎರಡು ಕಣ್ಣು, ಇವರಿಗೆ ಅದು ಕಾಣುವುದಿಲ್ಲವಲ್ಲ, ಹೆಣದ ಮುಂದೆ ಮಾತಾಡುವ ಹಾಗೆ ಮಾತಾಡುತ್ತಾರಲ್ಲ, ಪಾಪ ಚನಿಯ ಒಳ್ಳೆಯವ ಇದ್ದ, ರಾಯರು ಬಂದು ಕೂತ ಕೂಡಲೇ ಹೇಳಿದ್ದು ಅದೇ — ಇದ್ದ! ಅವನು ಕೇಳುತ್ತಿದ್ದಾನೆ ಮಾರಾಯರೇ, ಅವನ ಕಿವಿಗೇನೂ ಆಗಿಲ್ಲ.

ಅಪ್ಪನ ಬಲಗೈ ಹೊದಿಕೆಯ ಮೇಲಿದೆ, ನಾಲ್ಕು ಬೆರಳು ಒಳಕ್ಕೆ ಬಾಗಿ ಹಾಗೇ ಸೆಟೆದು ನಿಂತಿವೆ, ಡಾಕ್ಟರು ಅದಕ್ಕೊಂದು ಹೆಸರು ಹೇಳಿದ್ದರು, ನರ ಸತ್ತ ಮೇಲೆ ಬೆರಳು ಕೊಕ್ಕೆಯಾಗುತ್ತದಂತೆ, ಆದರೆ ರಮಿತಾಳಿಗೆ ಗೊತ್ತು ಅದು ಯಾವ ಕೊಕ್ಕೆ ಎಂದು, ಅದು ನಾಲ್ಕು ಗ್ಲಾಸು ಹಿಡಿದ ಕೈ. ರೈಲ್ವೆ ಸ್ಟೇಶನ್ ಹತ್ತಿರದ ಆ ಹೋಟೆಲಿನಲ್ಲಿ ಅಪ್ಪನ ಕೆಲಸ ನೀರು ಇಡುವುದು, ಗಿರಾಕಿ ಕುರ್ಚಿ ಎಳೆಯುವ ಮೊದಲೇ ಮೇಜಿನ ಮೇಲೆ ನೀರು, ಒಂದೇ ಕೈಯಲ್ಲಿ ನಾಲ್ಕು ಗ್ಲಾಸು, ಒಂದೊಂದು ಗ್ಲಾಸಿಗೆ ಒಂದೊಂದು ಬೆರಳು ಒಳಗಿಂದ, ಹೆಬ್ಬೆರಳು ಹೊರಗಿಂದ ಒತ್ತು, ಟಪ್ ಎಂದು ಇಟ್ಟರೆ ಒಂದು ಹನಿ ಚೆಲ್ಲಬಾರದು, ಏ ಪಾನಿ, ಏ ಪಾನಿ ಲಾ, ಅಪ್ಪನಿಗೆ ಅಲ್ಲಿ ಹೆಸರೇ ಇರಲಿಲ್ಲ, ಪಾನಿ ಎಂದರೆ ಅಪ್ಪ. ಚಿಕ್ಕಂದಿನಲ್ಲಿ ಅವಳು ಕೇಳಿದ್ದಳು, ಪಪ್ಪಾ, ಬೆರಳು ಅದ್ದಿದ ನೀರು ಜನ ಕುಡೀತಾರಾ, ಅಪ್ಪ ನಕ್ಕು, ಕುಡಿಯದೆ ಎಂತ, ಇಡೀ ಠಾಣೆ ನನ್ನ ಬೆರಳು ತೊಳೆದ ನೀರು ಕುಡಿದೇ ದೊಡ್ಡದಾದದ್ದು. ಗಿರಾಕಿಗೆ ಜಾತಿ ಗೊತ್ತಿರಲಿಲ್ಲ, ಗಲ್ಲಾದ ಮೇಲೆ ಕೂತ ರಾಯರಿಗೆ ಗೊತ್ತಿತ್ತು, ಊರಿನವರಲ್ಲವೇ, ಚನಿಯ ಎಂಬ ಹೆಸರು ಕೇಳಿದರೆ ಯಾರ ಅಂಗಳದ ಯಾವ ಮೂಲೆಯವನು ಎಂದು ಹೇಳಬಲ್ಲವರು, ರಾಯರಿಗೆ ಮನೆಯಿಂದ ಬಾಟಲಿ ಬರುತ್ತಿತ್ತು, ಗ್ಯಾಸು ಚನಿಯಾ, ಹೋಟೆಲ್ ನೀರು ನನಗೆ ಆಗುದಿಲ್ಲ ನೋಡು. ಆ ಮನುಷ್ಯ ಇಂದು ನೀರು ತಂದಿದ್ದಾನೆ, ಅಪ್ಪನ ಕೈಯ ನೀರು ಒಂದು ದಿನವೂ ಕುಡಿಯದವನು ಅಪ್ಪನ ಬಾಯಿಗೆ ಕಾಶಿಯ ನೀರು ತಂದಿದ್ದಾನೆ, ಕಾಲ ಬದಲಾಗಿದೆ ರಮಿತಾ, ಈಗ ನಮಗೆ ಅಂಥದ್ದೆಲ್ಲ ಇಲ್ಲ, ಹೌದು, ನುಂಗಲಾಗದ ಬಾಯಿಗೆ ನೀರು ಕೊಡುವಷ್ಟು ಬದಲಾಗಿದೆ. ಕಾಯಿಲೆಯ ಶುರುವಿಗೆ ಕೈಯಿಂದ ಬಿದ್ದದ್ದು ಒಂದು ಗ್ಲಾಸು, ಆಮೇಲೆ ಎರಡು, ಕುಡಿದಿದ್ದೀಯಾ ಚನಿಯಾ ಎಂದು ರಾಯರೇ ಕೇಳಿದ್ದರು, ಬೀಡಿ ಕೂಡ ಸೇದದವನನ್ನು, ಬೆರಳಿನಿಂದ ಮೊಣಕೈಗೆ, ಅಲ್ಲಿಂದ ನಾಲಗೆಗೆ, ಗಂಟಲಿಗೆ, ಕಾಯಿಲೆ ಮನೆಯ ಕೋಣೆಕೋಣೆಯ ದೀಪ ಆರಿಸುತ್ತ ಬಂದಂತೆ ಬಂತು, ಮಿದುಳಿನ ದೀಪ ಮಾತ್ರ ಮುಟ್ಟಲಿಲ್ಲ, ಅದು ಉರಿಯುತ್ತ ಇರಲಿ, ಎಲ್ಲ ನೋಡಲಿ ಎಂದು ಬಿಟ್ಟಿತು, ಇದಕ್ಕೆ ದೇವರ ಆಟ ಎನ್ನುತ್ತಾಳೆ ಮಾಮಿ, ಎಂಥ ಕೊಳಕು ಆಟ.

ಕರಕರ ನಿಂತಿತು, ಬಂತು ಬಂತು ಎಂದರು ರಾಯರು, ಅಮ್ಮ ಅಡುಗೆಮನೆಯಿಂದ ಸ್ಟೀಲಿನ ಲೋಟ ತಂದಳು, ಮೋಹಿನಿ, ಅವಳ ಅಮ್ಮ, ಎರಡು ದಿನದಿಂದ ಎಲ್ಲರಿಗೂ ಫೋನು ಮಾಡಿ ಕರೆಸಿದವಳು ಇವಳೇ, ಲೋಟದಲ್ಲಿ ತುಳಸಿ ಎಲೆ, ಪಕ್ಕದಲ್ಲಿ ಚಮಚ — ಅದೇ ಚಮಚ, ಹೋದ ವರ್ಷ ಅಷ್ಟಮಿಯ ಮರುದಿನ ಪಾಯಸ ಕೊಟ್ಟ ಚಮಚ, ಒಂದೇ ಒಂದು ಚಮಚ, ಹಬ್ಬದ ಊಟದಲ್ಲಿ ನಾಲಗೆಗೆ ಸಿಹಿ ತಾಗದೆ ಹೇಗೆ ಎಂದು ಅಮ್ಮ ಕೊಟ್ಟದ್ದು, ಅದು ಹೊಟ್ಟೆಗೆ ಹೋಗಲಿಲ್ಲ, ಶ್ವಾಸಕೋಶಕ್ಕೆ ಹೋಯಿತು. ಆಮೇಲಿನದು ಅವಳು ನೆನೆಯಬಾರದು ಎಂದುಕೊಳ್ಳುತ್ತಾಳೆ, ಅದು ಕೇಳದೆ ಬರುತ್ತದೆ, ಎದೆಯೊಳಗೆ ಕುಕ್ಕರಿನ ಹಾಗೆ ಗುಳುಗುಳು, ನೀಲಿ ತುಟಿ, ಕಣ್ಣು ಹೊರಗೆ ಬಂದಂತೆ, ನರ್ಸಿಂಗ್ ಹೋಮಿನಲ್ಲಿ ಎಳೆದು ಎಳೆದು ಕಫ ತೆಗೆದರು, ಉಳಿಸಿದರು, ಉಳಿಸಿದೆವು ಎಂದು ಕೈ ಕುಲುಕಿದರು, ಮೂಗಿಗೆ ನಳಿಕೆ ಹಾಕಿ ಕಳಿಸಿದರು, ಬಾಯಿಂದ ಏನೂ ಬೇಡ ಎಂದರು ಅಲ್ಲಿನ ಡಾಕ್ಟರು, ನೀರೂ ಬೇಡ, ಒಂದು ಚಮಚ ನೀರು ಸಾಕು, ಇನ್ನೊಂದು ಸಲ ಉಳಿಯುವುದಿಲ್ಲ. ವಾಪಸು ಬಂದ ವಾರ ಅಪ್ಪನಿಗೆ ಇನ್ನೂ ಗೊಗ್ಗರು ದನಿ ಇತ್ತು, ನಾಲಗೆ ತೊದಲಿ ತೊದಲಿ ತುಳುವಿನಲ್ಲಿ, ಎನನ್ ಬುಡ್ಲ ಮಗಾ, ನನ್ನನ್ನು ಬಿಟ್ಟುಬಿಡು ಮಗಾ, ಅವಳಿಗೆ ಮಾತ್ರ ಹೇಳಿದ್ದು, ಅಮ್ಮನಿಗಲ್ಲ, ಸೂರಜನಿಗಲ್ಲ, ಏಕೆ ನನಗೆ ಎಂದು ಅವಳು ಎಷ್ಟು ಸಲ ಸಿಟ್ಟಾಗಿದ್ದಾಳೆ, ಆಫೀಸಿಗೆ ಹೋಗುವ ಬಸ್ಸಿನಲ್ಲಿ ಹಲ್ಲು ಕಚ್ಚಿ ಅಪ್ಪನನ್ನೇ ಬೈದಿದ್ದಾಳೆ, ಜೀವನವಿಡೀ ಯಾರನ್ನೂ ಏನೂ ಕೇಳದವನು ಕೊನೆಗೆ ಕೇಳಿದ್ದು ಇದೊಂದನ್ನು, ಅದೂ ನನ್ನನ್ನು. ಮಾರ್ಚಿನಲ್ಲಿ ದಿಲ್ಲಿಯ ದೊಡ್ಡ ಕೋರ್ಟು ಹೇಳಿತು, ಮರ್ಯಾದೆಯಿಂದ ಸಾಯುವುದೂ ಮನುಷ್ಯನ ಹಕ್ಕು, ಅವಳು ಪೇಪರು ಮಡಚಿಕೊಂಡು ಡಾಕ್ಟರ ಹತ್ತಿರ ಓಡಿದಳು, ಡಾಕ್ಟರು ನಕ್ಕರು, ಮೇಡಂ, ಪೇಪರ್ ಮೇ ಸಬ್ ಅಚ್ಛಾ ಲಗ್ತಾ ಹೈ, ಪೇಪರಿನಲ್ಲಿ ಎಲ್ಲ ಚಂದವೇ, ಎರಡು ಮೆಡಿಕಲ್ ಬೋರ್ಡು ಕೂರಬೇಕು, ಮ್ಯಾಜಿಸ್ಟ್ರೇಟ್ ಬರಬೇಕು, ನಿಮ್ಮ ತಂದೆಗಾಗಿ ಯಾರು ಬರ್ತಾರೆ, ಹಾಗಾದರೆ ಉಸಿರು ಕಟ್ಟಿದಾಗ ಸಂಕಟವಾದರೂ ಆಗದಂತೆ ಮದ್ದು ಕೊಡಿ ಎಂದಳು, ಅದು ನಮ್ಮಲ್ಲಿ ಇಟ್ಟುಕೊಳ್ಳುವುದಿಲ್ಲ, ಲಫಡಾ ಆಗ್ತದೆ, ಪೊಲೀಸು, ಕೇಸು. ಹಕ್ಕು ದಿಲ್ಲಿಯಲ್ಲಿ, ಮದ್ದು ಎಲ್ಲಿಯೂ ಇಲ್ಲ, ಉಳಿದದ್ದು ಮನೆಯ ತುಳಸಿ, ಒಂದು ಚಮಚ ನೀರು.

ಅದಕ್ಕೇ ಅವಳು ಎರಡು ದಿನದಿಂದ ಬಾಯಿ ಹೊಲಿದುಕೊಂಡಿದ್ದಾಳೆ, ಸುಮ್ಮನಿದ್ದರೆ ಆಯಿತು, ಇವರು ಬರುತ್ತಾರೆ, ಒಬ್ಬೊಬ್ಬರು ಒಂದು ಚಮಚ, ನಾರಾಯಣ ನಾರಾಯಣ, ಮುಗಿಯಿತು, ಗೊತ್ತಿಲ್ಲದೆ ಕೊಂದವರಿಗೆ ಪುಣ್ಯ, ಗೊತ್ತಿದ್ದು ಗೋಡೆಗೆ ಒರಗಿ ನಿಂತವಳು ಮಾತ್ರ ಕೊಲೆಗಾರ್ತಿ, ಇರಲಿ, ಅದನ್ನೂ ಹೊರುತ್ತೇನೆ — ಎಂದುಕೊಂಡವಳು ಈಗ ನೋಡುತ್ತಾಳೆ, ಮಾಮಿ ಸೂರಜನ ಕೈಗೆ ಚಮಚ ಕೊಡುತ್ತಾಳೆ, ಬಿಡು ಮಗಾ, ನಿಂದೇ ಬಾಕಿ, ಸೂರಜ್ ಕಿತ್ನಾ ಡಾಲ್ನಾ ಹೈ, ಎಷ್ಟು ಹಾಕ್ಬೇಕು ಎನ್ನುತ್ತಾನೆ, ಕಾರಿಗೆ ಆಯಿಲ್ ಹಾಕುವವನ ಹಾಗೆ, ರಾಯರು ಗಡಿಯಾರ ನೋಡುತ್ತಾರೆ, ಅಪ್ಪನ ಕಣ್ಣು ಚಮಚದಿಂದ ಅವಳಿಗೆ, ಅವಳಿಂದ ಚಮಚಕ್ಕೆ, ಯಾರೂ ಅವನನ್ನು ಕೇಳಲಿಲ್ಲವಲ್ಲ, ಬೇಕಾ ಎಂದು ಒಬ್ಬರಾದರೂ, ಗ್ಲಾಸು ಖಾಲಿಯಾದರೆ ನೀರು ಇಡುವವನು ಕೂಡ ಗಿರಾಕಿಯನ್ನು ಕೇಳುತ್ತಿದ್ದ, ಸಾದಾ ಕಿ ಠಂಡಾ, ನಿಲ್ಲು! ಎಂದಳು ರಮಿತಾ, ಈ ನೀರು ಹೋಗುವುದು ಹೊಟ್ಟೆಗಲ್ಲ, ಎದೆಗೆ, ಉಸಿರು ಕಟ್ಟಿ ಸಾಯ್ತಾರೆ ಪಪ್ಪ, ಮುಳುಗಿ ಸತ್ತ ಹಾಗೆ, ಗೊತ್ತಿದ್ದು ಬಿಡುವುದಾದರೆ ಬಿಡಿ, ಮೊದಲು ಅವರನ್ನು ಕೇಳಿ ಬಿಡಿ. ಮಂಚದ ಅಂಚಿಗೆ ಬಾಗಿದಳು, ಪಪ್ಪಾ, ನೀರು ಬೇಕಾ, ಏನಾಗ್ತದೆ ಅಂತ ಗೊತ್ತುಂಟಲ್ಲ. ಒಮ್ಮೆ ರೆಪ್ಪೆ ಮುಚ್ಚಿದರೆ ಹೌದು, ಎರಡು ಸಲ ಮುಚ್ಚಿದರೆ ಬೇಡ, ಇದು ಅವರಿಬ್ಬರ ಭಾಷೆ, ಕೋಣೆಯೆಲ್ಲ ಆ ರೆಪ್ಪೆಯನ್ನು ನೋಡಿತು. ಮುಚ್ಚಿತು. ತೆರೆಯಿತು. ಮತ್ತೆ ಮುಚ್ಚಲಿಲ್ಲ.

ಆಗ ನೋಡಬೇಕಿತ್ತು ಕೈಗಳನ್ನು, ಒಂದೊಂದಾಗಿ ಹಿಂದೆ ಸರಿದವು, ಸೂರಜ್ ಚಮಚವನ್ನು ಲೋಟಕ್ಕೆ ಎಸೆದ, ಅಕ್ಕಾ ತೂ ಪಾಗಲ್ ಹೈ ಕ್ಯಾ, ಮೇರೆ ಹಾಥ್ ಸೇ ಕರ್‌ವಾ ರಹೀ ಥೀ, ನನ್ನ ಕೈಯಿಂದಲೇ ಮಾಡಿಸ್ತಿದ್ದೆಯಾ, ಗ್ಯಾಲರಿಗೆ ಹೋಗಿ ಸಿಗರೇಟು ಹಚ್ಚಿದ, ರಾಯರು ಗಿಂಡಿಯನ್ನು ಚೀಲಕ್ಕೆ ಹಾಕಿಕೊಂಡರು, ಗಂಗೆಯನ್ನೇ ವಿಷ ಅಂದಿಯಲ್ಲ, ಕಲಿತು ಏನು ಬಂತು ನಿನಗೆ, ಪೊಲೀಸು ಗಿಲೀಸು ಆದರೆ ನಾನು ಬಂದೇ ಇಲ್ಲ ಆಯ್ತಾ, ಕಾಶಿಯ ನೀರು ಸ್ಕೂಟರು ಹತ್ತಿ ಹೋಯಿತು, ಮಾಮಿ ಚಮಚ ಎತ್ತಿ, ಅಣ್ಣನ ಮುಖ ನೋಡಿ, ಮತ್ತೆ ಇಟ್ಟಳು, ನನ್ನಿಂದ ಆಗ್ಲಿಕ್ಕಿಲ್ಲ ಮಗಾ, ನೀನು ಹೇಳ್ಬಾರ್ದಿತ್ತು. ಹೇಡಿಗಳು, ಎಲ್ಲ ಹೇಡಿಗಳು ಎಂದು ರಮಿತಾ ಹಲ್ಲು ಕಡಿಯುತ್ತಿರುವಾಗ ಅಮ್ಮ, ಇಷ್ಟು ಹೊತ್ತು ಬಾಗಿಲಿಗೆ ಒರಗಿದ್ದ ಅಮ್ಮ, ತಣ್ಣಗೆ, ಆ ಡಾಕ್ಟ್ರು ಹೇಳಿದ್ದು ನಿನಗೊಬ್ಬಳಿಗೆ ಅಂತ ತಿಳ್ಕೊಂಡಿದ್ಯಾ, ನಾನೂ ಅಲ್ಲೇ ನಿಂತಿದ್ದೆ. ರಮಿತಾ ಅಮ್ಮನತ್ತ ತಿರುಗಿದಳು. ಗೊತ್ತಿತ್ತಾ ನಿನಗೆ, ಗೊತ್ತಿದ್ದೇ ಎಲ್ಲರನ್ನೂ ಕರೆದಿಯಾ. ಮತ್ತೆ ಎಂತ, ಒಬ್ಬರ ಕೈ ಆದರೆ ಆ ಕೈ ಉಳಿದ ಕಾಲವೆಲ್ಲ ಉರಿಯುತ್ತದೆ, ಎಲ್ಲರ ಕೈ ಆದರೆ ಯಾರ ಕೈಯೂ ಅಲ್ಲ, ನಿನ್ನ ಕೈ ಆಗಬಾರದು ಅಂತ ಮಾಡಿದ್ದು ನಾನು, ಒಂದು ದಾರಿ ಮಾಡಿದ್ದೆ, ನೀನು ಬಾಯಿಬಿಟ್ಟು ಅದನ್ನು ಮುಚ್ಚಿದೆ, ಸತ್ಯ ಹೇಳಿದೆ ಅಲ್ಲ, ಈಗ ತಿನ್ನು ಸತ್ಯ. ಅಮ್ಮ ಅಡುಗೆಮನೆಗೆ ಹೋದಳು, ನಲ್ಲಿ ಬಿಟ್ಟ ಸದ್ದು, ಅಳುವ ಸದ್ದು ಕೇಳಿಸಬಾರದೆಂದು ಬಿಟ್ಟ ನಲ್ಲಿ, ಮಾಮಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಿಗೆಯ ಹಿಂದೆಯೇ.

ಮತ್ತು ರಮಿತಾ, ಮತ್ತು ಲೋಟ, ಕೆಳಗೆ ಡೋಲು ಬಿಗಿಯಾಗಿ ಮದುವೆ ಹೊರಟಿತು, ಕಿಟಕಿಯ ಗಾಜು ಅದುರುತ್ತಿದೆ, ಅಮ್ಮನ ಮೇಲೆ ಸಿಟ್ಟು, ಇಷ್ಟು ಬುದ್ಧಿವಂತೆ ಆದದ್ದಕ್ಕೆ, ಅಪ್ಪನನ್ನು ಅವಳೂ ಕೇಳದೆ ಇದ್ದದ್ದಕ್ಕೆ, ಕೇಳಿದ ತನ್ನ ಮೇಲೆ ಸಿಟ್ಟು, ಕೇಳಿದರೆ ಉತ್ತರ ಬರುತ್ತದೆ, ಬಂದರೆ ಅದು ಕೇಳಿದವಳದ್ದಾಗುತ್ತದೆ, ಕೋರ್ಟಿನದ್ದಲ್ಲ, ಡಾಕ್ಟರದ್ದಲ್ಲ, ಗಂಗೆಯದ್ದೂ ಅಲ್ಲ, ಅಷ್ಟಮಿಯ ಪಾಯಸದ ಗುಳುಗುಳು ಮತ್ತೆ ಕಿವಿಯಲ್ಲಿ, ಬಿಟ್ಟರೆ ಅದು, ಬಿಡದಿದ್ದರೆ ಈ ನಳಿಕೆ, ಈ ನೋಟ, ಇನ್ನೊಂದು ಮಳೆಗಾಲ, ಇನ್ನೊಂದು, ಕೈಯಲ್ಲಿ ಚಮಚ ಯಾವಾಗ ಬಂತು, ತುಳಸಿ ಎಲೆ ಅಂಚಿಗೆ ಅಂಟಿದೆ, ಅಪ್ಪ ಚಮಚ ನೋಡುತ್ತಿಲ್ಲ, ಅವಳನ್ನು ನೋಡುತ್ತಿದ್ದಾನೆ, ಅವಸರವಿಲ್ಲದೆ, ಗಿರಾಕಿ ಕುರ್ಚಿ ಎಳೆಯುವುದನ್ನು ಕಾಯುವವನ ಹಾಗೆ, ಏ ಪಾನಿ, ಏ ಪಾನಿ ಲಾ, ಇಡೀ ಠಾಣೆ ಕುಡಿಯಿತು, ಹೊದಿಕೆಯ ಮೇಲೆ ಕೈ, ಬಾಗಿದ ನಾಲ್ಕು ಬೆರಳು, ಬೆರಳಿಗೊಂದರಂತೆ ಇಲ್ಲದ ಗ್ಲಾಸು, ನಾಲ್ಕು ಬೆರಳು, ನಾಲ್ಕು ಬೆರಳು —