ಹೆಸರು ಬದಲಿಸಿದ ಹಡಗು

ಹಡಗಿನ ಹೆಸರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಕಟ್ಟುವಾಗ ಕೊಟ್ಟ ಏಳಂಕಿಯ ಸಂಖ್ಯೆ ಮಾತ್ರ ಗುಜರಿಗೆ ಹೋಗುವವರೆಗೂ ಅದರ ಜೊತೆಗೇ ಇರುತ್ತದೆ. ಆ ದರಿದ್ರ ತೈಲ ಹಡಗು ನಮ್ಮಣ್ಣ ಬಯೂಮಿಯ ಮೀನುದೋಣಿಯ ಮೇಲೆ ಹಾದು, ನಿಲ್ಲದೆ, ತಾನೆಲ್ಲಿದ್ದೇನೆಂದು ತೋರಿಸುವ ಸಿಗ್ನಲ್ಲನ್ನೂ ಆರಿಸಿಕೊಂಡು ಪರಾರಿಯಾದಾಗ, ಪಕ್ಕದ ದೋಣಿಯವರು ಅದರ ಬೆನ್ನ ಮೇಲಿನ ಸಂಖ್ಯೆ ಓದಿಕೊಂಡಿದ್ದರು. ಎರಡು ವರ್ಷ ಅತ್ತಿಗೆ ರೌಹಿಯಾ ಅದನ್ನೇ ಹಿಡಿದು ಕೂತಿದ್ದಳು. ಉದ್ದ ಇನ್ನೂರ ಎಪ್ಪತ್ನಾಲ್ಕು ಮೀಟರು, ಅಗಲ ನಲವತ್ತೆಂಟು, ಇವತ್ತು ಎಲ್ಲಿದೆ, ನೀರಲ್ಲಿ ಎಷ್ಟು ಮುಳುಗಿದೆ, ಮೊಬೈಲು ನೋಡಿ ನೋಡಿ ಎಲ್ಲ ಬಾಯಿಪಾಠ.

ಕಳೆದ ಚಳಿಗಾಲ ಒಂದು ಬೆಳಿಗ್ಗೆ ನಾನು ಬೇಯಿಸಿದ ಫೂಲ್ ಕಾಳು ತಿನ್ನುತ್ತಿದ್ದಾಗ ಮೊಬೈಲನ್ನು ತಟ್ಟೆಯ ಪಕ್ಕ ಕುಕ್ಕಿದಳು.

"ಬಂದ್ಲು ನೋಡೋ ಅತಿಯ್ಯಾ, ಮನೆಹಾಳಿ! ಹೊಸ ಹೆಸರಿಟ್ಕೊಂಡು ನಮ್ಮ ಸೂಯೆಜ್‌ನಲ್ಲೇ ಲಂಗರು ಹಾಕಿದಾಳೆ."

"ವಕೀಲರಿಗೆ ಹೇಳಿದ್ಯಾ ಅತ್ತಿಗೆ?"

"ಕೆಂಪು ಸಮುದ್ರಕ್ಕೆ ಕಾಲಿಟ್ಟಾಗ್ಲೇ ಹೇಳಿದೀನಿ. ಜಪ್ತಿ ಆದೇಶ ರೆಡಿ ಇದೆ. ಕೋರ್ಟಿನ ಅಮೀನರನ್ನ ನಿನ್ನ ದೋಣೀಲಿ ಕರ್ಕೊಂಡು ಹೋಗು, ಏಳು."

ಕಾಲುವೆಯಲ್ಲಿ ಹಡಗುಗಳ ಹಗ್ಗ ಕಟ್ಟುವವನು ನಾನು. ಹರುಕುಮುರುಕು ಇಂಗ್ಲಿಷು ಬರುತ್ತದೆ. ಅಮೀನರಿಗೆ ಅದೂ ಬಾರದು. ಹಾಗಾಗಿ ಹಡಗಿನ ಮೇಲೆ ಮಾತೆಲ್ಲ ನನ್ನದೇ. ಕ್ಯಾಪ್ಟನ್, ಕಾಲುವೆಗೆ ಬರುವ ಎಲ್ಲ ಕ್ಯಾಪ್ಟನ್ನರಂತೆ, ಮಾಮೂಲು ಸಿಗರೇಟಿನ ಪೊಟ್ಟಣ ನನ್ನತ್ತ ನೂಕಿದ.

"ಈ ಹಡಗಿಗೆ ಹೊಸಬರಾ ಸಾರ್?" ಎಂದೆ.

"ಹೊಸಬನಾ? ಐದು ವರ್ಷದಿಂದ ನಂದೇ ಇದು. ನಾನಿಲ್ದೆ ಒಂದು ಮಾರೂ ಮುಂದೆ ಹೋಗಿಲ್ಲ!" ಎಂದು ಎದೆ ತಟ್ಟಿಕೊಂಡ.

ಅಂದರೆ ಅವತ್ತು ನಿಲ್ಲಿಸದೆ ಹೋದವನು ಇವನೇ.

ಅಮೀನರ ಕೊನೆಯ ಕಾಗದ ಅರಬ್ಬಿಯಲ್ಲಿತ್ತು. ಜಪ್ತಿಯಾದ ಹಡಗಿಗೊಬ್ಬ ಕಾವಲಿನ ಜವಾಬ್ದಾರ ಬೇಕು. ಸಹಿ ಹಾಕಿದವನ ಪಾಸ್‌ಪೋರ್ಟ್ ಕೋರ್ಟಿಗೆ, ಮೊಕದ್ದಮೆ ಮುಗಿಯುವವರೆಗೆ ಅವನು ಹಡಗು ಬಿಡುವಂತಿಲ್ಲ. ನಮ್ಮ ಬಂದರಿನ ನಾಯಿಗೂ ಗೊತ್ತಿರುವ ವಿಷಯ. ಕ್ಯಾಪ್ಟನ್‌ಗೆ ಗೊತ್ತಿರಲಿಲ್ಲ. ಅವನ ಕೈಕೆಳಗಿನವನು ಸಹಿ ಹಾಕಲು ಪೆನ್ನು ತೆಗೆದ.

"ಅವರದ್ದು ನಡೆಯಲ್ಲ ಸಾರ್, ಕ್ಯಾಪ್ಟನ್ನೇ ಹಾಕ್ಬೇಕು. ಕಾಗದ ತಲುಪ್ತು ಅಂತ ರಸೀದಿ, ಅಷ್ಟೇ," ಎಂದೆ. ಹಸೀ ಸುಳ್ಳು. ನಾಲಗೆ ಒಂಚೂರೂ ತೊದಲಲಿಲ್ಲ. ಕ್ಯಾಪ್ಟನ್ ತಾನೇ ಸಹಿ ಹಾಕಿ ಮುದ್ರೆಯನ್ನೂ ಒತ್ತಿದ.

ಮಾಲೀಕರು ಹಡಗನ್ನು ಕೈಬಿಟ್ಟರು, ಮೊಕದ್ದಮೆ ಅಲ್ಲೇ ನಿಂತಿತು. ಉಳಿದವರೆಲ್ಲ ವಿಮಾನ ಹತ್ತಿ ಊರಿಗೆ ಹೋದರು. ಹನ್ನೊಂದು ತಿಂಗಳಿಂದ ಅಲ್ಲಿ ಅವನೊಬ್ಬನೇ. ನೀರು, ರೊಟ್ಟಿ ನಾನೇ ಒಯ್ಯುತ್ತೇನೆ. ಕಳೆದ ವಾರ ಅತ್ತಿಗೆಯೂ ಜೊತೆಗೆ ಬಂದಳು. ಗಡ್ಡ ಬಿಟ್ಟುಕೊಂಡಿದ್ದ ಅವನು ಮೇಲಿಂದ ಬಗ್ಗಿ ಕೂಗಿದ: "ಅಣ್ಣಾ, ನನ್ನನ್ನ ಯಾವಾಗ ಬಿಡ್ತಾರೆ?"

ಅವನು ಕೇಳಿದ್ದನ್ನು ಅತ್ತಿಗೆಗೆ ಹೇಳಿದೆ. ಅವಳು ಕತ್ತೆತ್ತಿ ಅವನನ್ನೇ ನೋಡಿದಳು.

"ನನ್ನ ಗಂಡ ಇನ್ನೂ ನೀರಲ್ಲೇ ಇದಾನೆ. ಅವನು ಮನೆಗೆ ಬಂದ ದಿನ ನೀನೂ ಹೊರಡು ಅಂತ ಹೇಳು."

ಈ ಸಲ ಒಂದು ಮಾತನ್ನೂ ಬದಲಿಸದೆ ಇಂಗ್ಲಿಷಿನಲ್ಲಿ ಹೇಳಿದೆ.